ಉಣ್ಣೆಗೆ ಲಸಿಕೆ 1994ರಲ್ಲೇ ಬಂದಿತ್ತಂತೆ, ನಮ್ಮ ಕೊಟ್ಟಿಗೆಗೆ ಯಾಕೆ ಬರಲಿಲ್ಲ?

ಹಾಲುಗೊಲ್ಲ
ಕಾಲುಬಾಯಿ ಜ್ವರಕ್ಕೆ ಲಸಿಕೆ ಇದೆ, ಗಂಟಲುಬೇನೆಗೆ ಇದೆ, ಚಪ್ಪೆಬೇನೆಗೆ ಇದೆ, ಚರ್ಮಗಂಟಿಗೂ ಊರೂರಿಗೆ ಬಂದು ಹಾಕಿದರು. ದನದ ರಕ್ತ ಹೀರುವ ಉಣ್ಣೆಗೆ ಮಾತ್ರ ಇಂದಿಗೂ ಅದೇ ಪಂಪು, ಅದೇ ಔಷಧಿ, ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಆಸ್ಟ್ರೇಲಿಯಾದಲ್ಲಿ 1994ರಲ್ಲೇ ಉಣ್ಣೆ ಲಸಿಕೆ ಮಾರಾಟಕ್ಕೆ ಬಂದಿತ್ತು ಅಂತ ಓದಿದೆ. ಅದು ನಿಜವಾ? ಲಸಿಕೆ ಹಾಕಿದ ಹಸುವಿನ ಮೈಮೇಲೆ ಉಣ್ಣೆ ಕೂರೋದೇ ಇಲ್ಲವಾ? ಹಾಗಿದ್ದರೆ ನಮಗೆ ಯಾಕಿಲ್ಲ? ಗೊತ್ತಿರುವವರು ಬಿಡಿಸಿ ಹೇಳಿ.

ಗೋಡಾಕ್ಟರ್
ನಿಜ. ಹೆಸರು ಟಿಕ್‌ಗಾರ್ಡ್. ಆದರೆ ಉಣ್ಣೆ ಕೂರುತ್ತದೆ, ಕಚ್ಚುತ್ತದೆ, ರಕ್ತವನ್ನೂ ಹೀರುತ್ತದೆ. ಲಸಿಕೆಯ ಕೆಲಸ ಶುರುವಾಗುವುದೇ ರಕ್ತ ಅದರ ಹೊಟ್ಟೆಗೆ ಇಳಿದ ಮೇಲೆ.

ಉಣ್ಣೆಯ ಕರುಳಿನ ಒಳಗೋಡೆಯಲ್ಲಿ ಬಿಎಂ86 ಎಂಬ ಒಂದು ಪ್ರೋಟೀನ್ ಇದೆ. ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ 1989ರಲ್ಲಿ ಪ್ರಕಟಿಸಿದರು. ಆ ಪ್ರೋಟೀನನ್ನು ಹಸುವಿಗೆ ಚುಚ್ಚಿದರೆ ಹಸು ಅದರ ವಿರುದ್ಧ ಪ್ರತಿಕಾಯ, ಅಂದರೆ ಅದನ್ನೇ ಹುಡುಕಿ ಅಂಟಿಕೊಳ್ಳುವ ರಕ್ತದ ಪ್ರೋಟೀನ್, ತಯಾರಿಸುತ್ತದೆ. ಉಣ್ಣೆ ರಕ್ತ ಕುಡಿದಾಗ ಪ್ರತಿಕಾಯವೂ ಜೊತೆಗೆ ಒಳಗೆ ಹೋಗಿ, ಕರುಳಿನ ಜೀವಕೋಶಕ್ಕೆ ಅಂಟಿ, ಕೋಶ ಒಡೆಯುತ್ತದೆ. ಕರುಳು ಸೋರಿ ರಕ್ತ ಮೈಯೊಳಗೆಲ್ಲ ಹರಡುತ್ತದೆ. ಹೊಟ್ಟೆ ತುಂಬಿದ ಉಣ್ಣೆ ಸಾಮಾನ್ಯವಾಗಿ ಬೂದು ಹಸಿರು ಬಣ್ಣಕ್ಕಿರುತ್ತದಲ್ಲ, ಲಸಿಕೆ ಹಾಕಿದ ಹಸುವಿನ ಮೇಲಿನದು ಕೆಂಪಗೆ ಕಾಣುತ್ತದೆ. ಕೆಲವು ಸಾಯುತ್ತವೆ. ಉಳಿದವು ಬದುಕಿದರೂ ತೂಕ ಕಡಿಮೆ, ಮೊಟ್ಟೆ ಕಡಿಮೆ, ಮೊಟ್ಟೆಯಲ್ಲಿ ಒಡೆಯುವುದೂ ಕಡಿಮೆ.

ಹಾಲುಗೊಲ್ಲ
ಅಂದ್ರೆ ಹಾಕಿದ ಮರುದಿನ ಉದುರಲ್ಲ?

ಗೋಡಾಕ್ಟರ್
ಉದುರಲ್ಲ. ಮರುದಿನವೂ ಇಲ್ಲ, ಮರುವಾರವೂ ಇಲ್ಲ. ಅದನ್ನು ಮೊದಲೇ ಹೇಳದೆ ಮಾರಿದರೆ ರೈತರು ಮೊದಲ ತಿಂಗಳಲ್ಲೇ ನಂಬಿಕೆ ಕಳೆದುಕೊಳ್ಳುತ್ತಾರೆ.

ತೂಕದಕಲ್ಲು
ಇಲ್ಲಿ ಲೆಕ್ಕ ಹಾಕಿ ನೋಡಿದರೆ ಮಾತ್ರ ಮನಸ್ಸಿಗೆ ಇಳಿಯುತ್ತದೆ. ಲಸಿಕೆಯ ಫಲವನ್ನು ಅಳೆಯುವ ಸೂತ್ರದಲ್ಲಿ ಮೂರು ಸಂಖ್ಯೆಗಳನ್ನು ಗುಣಿಸುತ್ತಾರೆ: ಹೊಟ್ಟೆ ತುಂಬಿ ಉದುರಿದ ಹೆಣ್ಣು ಉಣ್ಣೆಗಳ ಸಂಖ್ಯೆ, ಒಂದೊಂದೂ ಇಟ್ಟ ಮೊಟ್ಟೆಯ ತೂಕ, ಮೊಟ್ಟೆ ಒಡೆದ ಪ್ರಮಾಣ. ಮೂರೂ ಲಸಿಕೆ ಹಾಕದ ಹಸುವಿಗೆ ಹೋಲಿಸಿ.

ಲಸಿಕೆ ಇಲ್ಲದ ಹಸುವಿನಿಂದ 100 ಹೆಣ್ಣು ಉದುರಿದವು ಅನ್ನಿ. ಒಂದೊಂದೂ 3000 ಮೊಟ್ಟೆ, ಒಡೆದದ್ದು 90 ಶೇಕಡ. ಒಟ್ಟು 2,70,000 ಮರಿ. ಲಸಿಕೆ ಹಾಕಿದ ಹಸುವಿನಿಂದ 60 ಉದುರಿದವು, ತಲಾ 1500 ಮೊಟ್ಟೆ, ಒಡೆದದ್ದು 72 ಶೇಕಡ. 64,800 ಮರಿ. ಹಸುವಿನ ಮೈ ನೋಡಿದರೆ 100ರ ಜಾಗದಲ್ಲಿ 60 ಉಣ್ಣೆ ಇವೆ, ‘ಏನೂ ಆಗಿಲ್ಲ’ ಅನ್ನಿಸುತ್ತದೆ. ಹುಲ್ಲಿನಲ್ಲಿ ಮಾತ್ರ ಮುಕ್ಕಾಲು ಪಾಲಿಗಿಂತ ಹೆಚ್ಚು ಕಡಿಮೆಯಾಗಿದೆ: 0.6 × 0.5 × 0.8 = 0.24, ಅಂದರೆ ಫಲ 76 ಶೇಕಡ. ಮುಂದಿನ ಪೀಳಿಗೆ ಮತ್ತೆ ಲಸಿಕೆ ಹಾಕಿದ ಹಸುವನ್ನೇ ಹತ್ತಿದರೆ ಮತ್ತೆ ಅದೇ ಏಟು. ಎರಡು ಮೂರು ಪೀಳಿಗೆ ಕಳೆದ ಮೇಲೆ ಕಣ್ಣಿಗೆ ಕಾಣುವ ವ್ಯತ್ಯಾಸ ಬರುತ್ತದೆ.

ಕಾಡಂಚು
ನಮ್ಮ ಕಡೆ ಮಂಗನ ಕಾಯಿಲೆಗೆ ಉಣುಗಿನ ಲಸಿಕೆ ಹಾಕುತ್ತಿದ್ದರಲ್ಲ. ಅದನ್ನೇ ದನಕ್ಕೂ ಕೊಡಬಹುದಿತ್ತು.

ಗೋಡಾಕ್ಟರ್
@ಕಾಡಂಚು ಅಣ್ಣ, ಅದು ಬೇರೆ, ಇದು ಬೇರೆ. ಮಂಗನ ಕಾಯಿಲೆಯ ಲಸಿಕೆ ವೈರಸ್ಸಿನ ವಿರುದ್ಧ, ಮನುಷ್ಯರಿಗೆ. ಕೋಳಿ ಭ್ರೂಣದ ಜೀವಕೋಶದಲ್ಲಿ ಬೆಳೆಸಿ ಫಾರ್ಮಲಿನ್‌ನಿಂದ ಕೊಂದ ವೈರಸ್ ಅದು. ಉಣುಗಿಗೆ ಅದರಿಂದ ಏನೂ ಆಗುವುದಿಲ್ಲ. ಅಲ್ಲದೆ ಆ ಉಣುಗಿನ ಜಾತಿಯೇ ಬೇರೆ, ಹೀಮಾಫೈಸಾಲಿಸ್ ಸ್ಪಿನಿಜೆರ. ನಾವು ಮಾತಾಡುತ್ತಿರುವುದು ರೈಪಿಸೆಫಲಸ್ ಮೈಕ್ರೋಪ್ಲಸ್, ದನದ ಮೈಮೇಲೇ ಬಾಳು ಕಳೆಯುವ ಜಾತಿ.

ಕಾಡಂಚು
ಸರಿ ಡಾಕ್ಟ್ರೇ, ತಿದ್ದಿಕೊಂಡೆ. ಆದರೆ ಸಂಬಂಧವೇ ಇಲ್ಲ ಅನ್ನಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಾಯಿಲೆ ಕಂಡಾಗಿನಿಂದ ಗೊತ್ತಿರುವ ಮಾತು ಇದು: ಆ ಉಣುಗಿನ ಮರಿ ಮನುಷ್ಯರನ್ನೂ ಮಂಗಗಳನ್ನೂ ಕಚ್ಚುತ್ತದೆ, ದೊಡ್ಡದಾದ ಮೇಲೆ ರಕ್ತ ಕುಡಿದು ಮೊಟ್ಟೆಗೆ ಬರುವುದು ಹೆಚ್ಚಾಗಿ ಕಾಡಿಗೆ ಮೇಯಲು ಹೋದ ದನದ ಮೇಲೆ. ದನದ ಮೇಲೆ ಉಣುಗು ಸೊರಗಿದರೆ ಕಾಡಿನಲ್ಲಿ ಮರಿ ಕಡಿಮೆ. ಆ ಜಾತಿಗೆ ಕೆಲಸ ಮಾಡುವ ದನದ ಲಸಿಕೆ ಸಿಕ್ಕರೆ ಮಲೆನಾಡಿಗೆ ಎರಡು ಉಪಕಾರ.

ಗೋಡಾಕ್ಟರ್
ಆ ಮಾತು ಒಪ್ಪಿದೆ. ತುಂಬ ಮುಖ್ಯವಾದ ಮಾತು.

ಪದಬುಟ್ಟಿ
ನಡುವೆ ಒಂದು ಚಿಕ್ಕ ವಿಷಯ. ಬಯಲುಸೀಮೆಯವರು ಉಣ್ಣೆ, ಮಲೆನಾಡಿನವರು ಉಣುಗು, ಉತ್ತರದವರು ಉಣ್ಣಿ. ಎಲ್ಲ ಒಂದೇ. ಹೊಟ್ಟೆ ತುಂಬಿದ್ದನ್ನು ಹರಳು ಬೀಜಕ್ಕೆ ಹೋಲಿಸುತ್ತೇವಲ್ಲ, ಹರಳಿನ ಸಸ್ಯಶಾಸ್ತ್ರೀಯ ಹೆಸರು ರಿಸಿನಸ್. ಲ್ಯಾಟಿನ್‌ನಲ್ಲಿ ಆ ಪದದ ಅರ್ಥವೇ ಉಣ್ಣೆ.

ಎರೆನೆಲ
ಟಿಕ್‌ಗಾರ್ಡ್ ಕ್ಯೂಬಾದ್ದಲ್ಲವಾ? ಅಲ್ಲಿ ಇಡೀ ದೇಶಕ್ಕೆ ಹಾಕಿದರು ಅಂತ ಕೇಳಿದ್ದೆ.

ಬುರುಗು
ಕ್ಯೂಬಾದ್ದು ಗವಾಕ್. ಎರಡೂ ಬಿಎಂ86 ಲಸಿಕೆಗಳೇ, ತಯಾರಿ ಬೇರೆ. ಆಸ್ಟ್ರೇಲಿಯಾದವರು ಪ್ರೋಟೀನನ್ನು ಈ. ಕೋಲಿ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದರು, ಕ್ಯೂಬಾದವರು ಪಿಕಿಯಾ ಪಾಸ್ಟೋರಿಸ್ ಎಂಬ ಯೀಸ್ಟ್‌ನಲ್ಲಿ.

ಈ ವ್ಯತ್ಯಾಸ ಚಿಕ್ಕದಲ್ಲ. ಬಿಎಂ86 ಸಹಜವಾಗಿ ಸಕ್ಕರೆ ಸರಪಳಿ ಅಂಟಿಕೊಂಡ ಪ್ರೋಟೀನ್. ಬ್ಯಾಕ್ಟೀರಿಯಾ ಆ ಸಕ್ಕರೆ ಅಂಟಿಸುವುದಿಲ್ಲ. ಮೇಲಾಗಿ ಪ್ರೋಟೀನ್ ಕೋಶದೊಳಗೆ ಗಂಟುಗಂಟಾಗಿ ಕೂರುತ್ತದೆ. ಅದನ್ನು ಯೂರಿಯಾದಂಥ ದ್ರಾವಣದಲ್ಲಿ ಬಿಡಿಸಿ ಮತ್ತೆ ಸರಿಯಾಗಿ ಮಡಿಸಿಕೊಳ್ಳುವಂತೆ ಮಾಡಬೇಕು. ಮಡಿಕೆ ತಪ್ಪಿದರೆ ಹಸು ಪ್ರತಿಕಾಯ ಮಾಡುತ್ತದೆ, ಪ್ರತಿಕಾಯ ಅಳೆಯುವ ಎಲೈಸಾ ಪರೀಕ್ಷೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ, ಆದರೆ ಉಣ್ಣೆಯ ಕರುಳಿನಲ್ಲಿರುವ ಅಸಲಿ ಪ್ರೋಟೀನಿಗೆ ಅದು ಹಿಡಿಯುವುದಿಲ್ಲ. ಯೀಸ್ಟ್‌ನಲ್ಲಿ ಮೆಥನಾಲ್ ಉಣಿಸಿದಾಗ ಜೀನ್ ಚಾಲೂ ಆಗುವಂತೆ ಜೋಡಿಸುತ್ತಾರೆ. ಮೊದಲು ಗ್ಲಿಸರಾಲ್ ಕೊಟ್ಟು ಯೀಸ್ಟ್ ದಟ್ಟವಾಗಿ ಬೆಳೆಸಿ, ಅದು ಮುಗಿದ ಮೇಲೆ ಮೆಥನಾಲ್ ಹನಿಹನಿಯಾಗಿ ಬಿಡಬೇಕು. ಒಮ್ಮೆಗೇ ಹೆಚ್ಚು ಬಿಟ್ಟರೆ ಯೀಸ್ಟ್ ಸಾಯುತ್ತದೆ, ಆಮ್ಲಜನಕ ಸಾಲದಿದ್ದರೆ ಇಳುವರಿ ಬೀಳುತ್ತದೆ. ಹೀಗೆ ಬಂದ ಬಿಎಂ86 ಕಣಗಳಾಗಿ ಒಟ್ಟುಗೂಡುತ್ತದೆ. ಬಿಡಿ ಪ್ರೋಟೀನಿಗಿಂತ ಇಂಥ ಕಣಗಳನ್ನು ಹಸುವಿನ ರೋಗನಿರೋಧಕ ವ್ಯವಸ್ಥೆ ಚೆನ್ನಾಗಿ ಗುರುತಿಸುತ್ತದೆ.

ಕೊನೆಗೆ ಮಾಂಟನೈಡ್ ಎಂಬ ಎಣ್ಣೆ ಅಡ್ಜುವೆಂಟ್ (ಲಸಿಕೆಯ ಬಲ ಹೆಚ್ಚಿಸುವ ವಸ್ತು) ಜೊತೆ ಕಡೆದು ಬಿಳಿ ಎಮಲ್ಷನ್ ಮಾಡುತ್ತಾರೆ. ಒಂದು ಡೋಸು 2 ಮಿ.ಲೀ., ಅದರಲ್ಲಿ 100 ಮೈಕ್ರೋಗ್ರಾಂ ಪ್ರೋಟೀನ್, ಮಾಂಸಖಂಡಕ್ಕೆ. ಇಡುವುದು 2ರಿಂದ 8 ಡಿಗ್ರಿಯಲ್ಲಿ. ಫ್ರೀಜರಿನಲ್ಲಿ ಹೆಪ್ಪುಗಟ್ಟಿದರೆ ಎಮಲ್ಷನ್ ಒಡೆದು ಎಣ್ಣೆ ಬೇರೆ ನೀರು ಬೇರೆ ಆಗುತ್ತದೆ. ಅಂಥ ಬಾಟಲಿ ಅಲುಗಾಡಿಸಿದರೂ ಸರಿಹೋಗದು, ಚೆಲ್ಲಬೇಕು.

ಎರೆನೆಲ
ಎಷ್ಟು ಸಲ ಚುಚ್ಚಬೇಕು?

ಬುರುಗು
ಗವಾಕ್: ಮೊದಲ ದಿನ, 4ನೇ ವಾರ, 7ನೇ ವಾರ, ಆಮೇಲೆ ಆರು ತಿಂಗಳಿಗೊಮ್ಮೆ. ಟಿಕ್‌ಗಾರ್ಡ್‌ನಲ್ಲಿ 10ರಿಂದ 12 ವಾರಕ್ಕೊಮ್ಮೆ ಬೂಸ್ಟರ್ ಬೇಕಾಗುತ್ತಿತ್ತು. ಸಾವಿರಾರು ಎಕರೆಯಲ್ಲಿ ಚದುರಿ ಮೇಯುವ ಮಾಂಸದ ದನವನ್ನು ವರ್ಷಕ್ಕೆ ನಾಲ್ಕೈದು ಸಲ ಒಟ್ಟುಗೂಡಿಸಿ ಚುಚ್ಚುವುದು ಅಲ್ಲಿಯ ಸಾಕಣೆದಾರರಿಗೆ ಆಗದ ಕೆಲಸ. ಟಿಕ್‌ಗಾರ್ಡ್ ಮಾರುಕಟ್ಟೆಯಿಂದಲೇ ಹೋಯಿತು. ಕ್ಯೂಬಾದಲ್ಲಿ ಹಾಲಿನ ದನ, ದಿನಾ ಕೈಗೆ ಸಿಗುತ್ತವೆ, ಸರ್ಕಾರವೇ ನಿಂತು ಮಾಡಿಸಿತು. ಐದು ಲಕ್ಷಕ್ಕೂ ಹೆಚ್ಚು ದನಕ್ಕೆ ಹಾಕಿದ ಅಂಕಿಅಂಶ ಇದೆ: ಔಷಧಿ ಸಿಂಪಡಣೆಯ ಸಲಗಳು 87 ಶೇಕಡ ಇಳಿದವು. ಉಣ್ಣೆಯಿಂದ ಹರಡುವ ಬೇಬಿಸಿಯಾ ಜ್ವರ 1000 ದನಕ್ಕೆ 54 ಇದ್ದದ್ದು 1.9ಕ್ಕೆ, ಸಾವು 6 ಇದ್ದದ್ದು 0.18ಕ್ಕೆ ಬಂತು.

ಹಾಲುಗೊಲ್ಲ
ಕಾಲುಬಾಯಿ ಲಸಿಕೆಯಂತೆ ವರ್ಷಕ್ಕೆ ಎರಡು ಸಲ ಸಾಕಾಗುವ ಹಾಗೆ ಮಾಡೋಕೆ ಆಗಲ್ವಾ? ಉಣ್ಣೆ ದಿನಾ ಕಚ್ಚುತ್ತಿದೆ, ಪ್ರತಿಕಾಯ ತಾನಾಗಿ ಹೆಚ್ಚಬೇಕಲ್ಲ?

ತೂಕದಕಲ್ಲು
ಗಂಟು ಇರುವುದೇ ಅಲ್ಲಿ. ಬಿಎಂ86 ಉಣ್ಣೆಯ ಕರುಳಿನೊಳಗೆ ಅಡಗಿದೆ. ಕಚ್ಚುವಾಗ ಹಸುವಿನೊಳಕ್ಕೆ ಹೋಗುವುದು ಉಣ್ಣೆಯ ಎಂಜಲು ಮಾತ್ರ, ಕರುಳಲ್ಲ. ಹಾಗಾಗಿ ಸಾವಿರ ಉಣ್ಣೆ ಕಚ್ಚಿದರೂ ಹಸುವಿಗೆ ಆ ಪ್ರೋಟೀನಿನ ನೆನಪು ಮರುಕಳಿಸುವುದಿಲ್ಲ. ಸೂಜಿಯೇ ನೆನಪಿಸಬೇಕು.

ಹಾಗಾದರೆ ಎಂಜಲಿನ ಪ್ರೋಟೀನಿನಿಂದಲೇ ಲಸಿಕೆ ಮಾಡಬಾರದೇ? ಗಿನಿಪಿಗ್‌ಗಳು ಉಣ್ಣೆ ಕಚ್ಚಿಸಿಕೊಂಡು ಕಚ್ಚಿಸಿಕೊಂಡು ಪ್ರತಿರೋಧ ಬೆಳೆಸಿಕೊಳ್ಳುತ್ತವೆ ಎಂದು ವಿಜ್ಞಾನಿ ಟ್ರೇಗರ್ 1939ರಲ್ಲೇ ತೋರಿಸಿದ್ದರು. ಆದರೆ ಎಂಜಲಿನಲ್ಲಿ ಒಂದೇ ಕೆಲಸಕ್ಕೆ ಹತ್ತಾರು ಪ್ರೋಟೀನ್ ಇರುತ್ತವೆ, ಒಂದನ್ನು ತಡೆದರೆ ಇನ್ನೊಂದು ಆ ಕೆಲಸ ಮಾಡುತ್ತದೆ. ಲಕ್ಷಾಂತರ ವರ್ಷ ಪ್ರಾಣಿಗಳ ರೋಗನಿರೋಧಕ ಶಕ್ತಿಯ ಜೊತೆ ಗುದ್ದಾಡಿ ಪಳಗಿದ ಎಂಜಲು ಅದು. ಕರುಳಿನ ಪ್ರೋಟೀನ್ ಆ ಗುದ್ದಾಟವನ್ನೇ ಕಂಡಿಲ್ಲ, ಅದಕ್ಕೇ ಅಲ್ಲಿ ಏಟು ಬೀಳುತ್ತದೆ.

ನೊಗ
ವಿಜ್ಞಾನ ಚೆನ್ನಾಗಿದೆ, ಆದರೆ ಇವತ್ತು ಕೈಗೆ ಸಿಗುವುದು ಮಾತಾಡಿ. 50 ಕೆ.ಜಿ.ಗೆ 1 ಮಿ.ಲೀ. ಐವರ್‌ಮೆಕ್ಟಿನ್ ಚರ್ಮದಡಿ ಕೊಟ್ಟರೆ ವಾರದಲ್ಲಿ ಉಣ್ಣೆ ಖಾಲಿ. ಲಸಿಕೆ ಯಾಕೆ?

ಗೋಡಾಕ್ಟರ್
ಒಂದು ಶೇಕಡಾದ್ದಾದರೆ ಡೋಸು ಸರಿ. ಕೊಡುವುದು ಯಾರಿಗೆ ಎಂಬುದು ಪ್ರಶ್ನೆ. ಹಾಲು ಹಿಂಡುವ ಹಸುವಿಗೆ ಆ ಚುಚ್ಚುಮದ್ದು ಕೊಡಬಾರದು, ಅಂಶ ಬಹಳ ದಿನ ಹಾಲಿನಲ್ಲಿ ಬರುತ್ತದೆ. ಆ ಹಾಲು ಡೇರಿಗೆ ಹೋಗುತ್ತದೆ, ಮನೆಯ ಮಗುವಿಗೂ ಹೋಗುತ್ತದೆ. ದಯವಿಟ್ಟು ಇದನ್ನು ಇಲ್ಲಿ ಸಲಹೆಯಾಗಿ ಹಾಕಬೇಡಿ.

ನೊಗ
ಕರು, ಎತ್ತುಗಳಿಗೆ ಎಂದು ಬರೆಯಬೇಕಿತ್ತು. ಒಪ್ಪಿದೆ. ಸಿಂಪಡಣೆ ಕೈಕೊಡುತ್ತಿರುವುದಂತೂ ನಿಜ ತಾನೇ?

ಪಂಪುಕೈ
ಅರ್ಧ ಉಣ್ಣೆಯ ಪ್ರತಿರೋಧ, ಅರ್ಧ ನಮ್ಮ ಕೈತಪ್ಪು. ಅಮಿಟ್ರಾಜ್ 12.5 ಶೇಕಡಾದ್ದು ಲೀಟರಿಗೆ 2 ಮಿ.ಲೀ. 16 ಲೀಟರ್ ಪಂಪಿಗೆ 32 ಮಿ.ಲೀ. ದೊಡ್ಡ ಹಸು ಪೂರ್ತಿ ತೋಯಬೇಕಾದರೆ 4 ಲೀಟರ್ ಬೇಕು, ಅಂದರೆ ಒಂದು ಪಂಪಿಗೆ ನಾಲ್ಕೇ ಹಸು. ಊರಲ್ಲಿ ಒಂದು ಪಂಪಿನಲ್ಲಿ ಹತ್ತು ಹನ್ನೆರಡು ಹಸು ಮುಗಿಸುತ್ತಾರೆ. ಬೆನ್ನು ಒದ್ದೆ, ಉಣ್ಣೆ ಇರುವ ಕಡೆ ಒಣಗು. ಕಿವಿಯ ಒಳಭಾಗ, ಗಂಗೆದೊಗಲಿನ ಮಡಿಕೆ, ಕೆಚ್ಚಲಿನ ಹಿಂದೆ, ತೊಡೆಸಂದು, ಬಾಲದ ಬುಡ: ಇಲ್ಲಿ ಹನಿ ಇಳಿಯುವಷ್ಟು ಹೊಡೆಯಬೇಕು, ಕೂದಲಿನ ಎದುರು ದಿಕ್ಕಿಗೆ. ಅರೆಬರೆ ಔಷಧಿ ತಾಗಿ ಬದುಕಿದ ಉಣ್ಣೆಯೇ ಮುಂದಿನ ಪ್ರತಿರೋಧಿ ಪೀಳಿಗೆಯ ತಾಯಿ.

ಎರಡು ಔಷಧಿ ಬೆರೆಸಬೇಡಿ. ಉರಿಬಿಸಿಲಲ್ಲಿ, ಬಾಯಾರಿದ ದನಕ್ಕೆ ಹೊಡೆಯಬೇಡಿ, ಮೈ ನೆಕ್ಕಿಕೊಳ್ಳುತ್ತವೆ. ಮೊದಲು ನೀರು ಕುಡಿಸಿ. ಅಮಿಟ್ರಾಜ್ ಕುದುರೆಗೆ ವಿಷ, ಒಂದೇ ಕಡೆ ಕಟ್ಟುವವರು ಎಚ್ಚರ.

ಬೇವಿನೆಲೆ
ಬೇವಿನೆಣ್ಣೆ ಹಚ್ಚಿ, ಕೊಟ್ಟಿಗೆಗೆ ನಾಟಿ ಕೋಳಿ ಬಿಡಿ. ಕೋಳಿ ಒಂದೊಂದೇ ಹೆಕ್ಕಿ ತಿನ್ನುತ್ತವೆ.

ಪಂಪುಕೈ
ಕೋಳಿ ತಿನ್ನುವುದು ನಿಜ, ಒಳ್ಳೆಯ ಉಪಾಯವೂ ಹೌದು. ಔಷಧಿ ಹೊಡೆದ ಎರಡು ಮೂರು ದಿನ ಮಾತ್ರ ಕೋಳಿ ದೂರ ಇಡಿ, ಉದುರಿದ ಉಣ್ಣೆಯಲ್ಲಿ ಔಷಧಿ ಇರುತ್ತದೆ. ಬೇವಿನೆಣ್ಣೆ ಉಣ್ಣೆಯನ್ನು ಸ್ವಲ್ಪ ದೂರ ಇಡುತ್ತದೆ, ಭಾರೀ ಹತ್ತಿದಾಗ ಅದೊಂದೇ ಸಾಲದು.

ಗೋಮಾಳ
ಮೂಲ ಪ್ರಶ್ನೆಗೆ ಬರೋಣ. ನಮಗೆ ಯಾಕಿಲ್ಲ?

ಮೊದಲನೆಯದು, ನಮ್ಮಲ್ಲಿ ಉಣ್ಣೆ ಒಂದೇ ಜಾತಿ ಅಲ್ಲ. ಮೈಕ್ರೋಪ್ಲಸ್ ಮರಿಯಿಂದ ಮೊಟ್ಟೆಗೆ ಬರುವ ತನಕ ಸುಮಾರು 21 ದಿನ ಒಂದೇ ಹಸುವಿನ ಮೇಲೆ ಇರುತ್ತದೆ, ಹಾಗಾಗಿ ಪ್ರತಿಕಾಯ ತುಂಬಿದ ರಕ್ತವನ್ನೇ ಮೂರೂ ಹಂತದಲ್ಲಿ ಕುಡಿಯುತ್ತದೆ. ಹಯಲೋಮ ಎಂಬ ಇನ್ನೊಂದು ಬಗೆಯ ಉಣ್ಣೆ ಹಾಗಲ್ಲ. ಹಂತ ಬದಲಿಸುವಾಗ ಕೆಳಗಿಳಿಯುತ್ತದೆ, ಗೋಡೆ ಬಿರುಕಿನಲ್ಲಿ, ಕಲ್ಲಿನ ಸಂದಿಯಲ್ಲಿ ಅಡಗಿ ಮತ್ತೆ ಬೇರೆ ಪ್ರಾಣಿ ಹತ್ತುತ್ತದೆ. ಸೀಮೆಹಸುಗಳನ್ನು ಕೊಲ್ಲುವ ಥೈಲೇರಿಯಾ ರೋಗ ಹರಡುವುದು ಅದೇ. ಬಿಎಂ86 ಎಲ್ಲ ಜಾತಿಗೂ ಒಂದೇ ಸಮ ಅಲ್ಲ: ಕೆಲವು ಹಯಲೋಮಗಳಿಗೆ ಹಿಡಿಯುತ್ತದೆ, ಆಫ್ರಿಕಾದ ಕಂದು ಕಿವಿಯ ಉಣ್ಣೆಗೆ ಹಿಡಿಯಲೇ ಇಲ್ಲ. ಹಯಲೋಮದ್ದೇ ಆದ ಎಚ್‌ಎಎ86 ಪ್ರೋಟೀನಿನ ಮೇಲೆ ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ (ಐವಿಆರ್‌ಐ) ಕೆಲಸ ನಡೆದಿದೆ.

ಎರಡನೆಯದು, ಮೈಕ್ರೋಪ್ಲಸ್ ಕೂಡ ಊರೂರಿಗೆ ಸ್ವಲ್ಪ ಬೇರೆ. ಅರ್ಜೆಂಟೀನದ ಒಂದು ತಳಿಗೆ ಬಿಎಂ86 ಹಿಡಿಯದೆ ಬಿಎಂ95 ಎಂಬ ಅದರ ದಾಯಾದಿ ಪ್ರೋಟೀನ್ ಹುಡುಕಬೇಕಾಯಿತು. ಅಮೈನೋ ಆಮ್ಲಗಳ ಸಾಲಿನಲ್ಲಿ 2.8 ಶೇಕಡಾಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಲಸಿಕೆ ಸೋಲಬಹುದು ಎಂಬ ಅಂದಾಜೂ ಇದೆ. ಹಾಗಾಗಿ ಹೊರಗಿನ ಬಾಟಲಿ ತಂದು ಚುಚ್ಚುವ ಮೊದಲು ಇಲ್ಲಿಯ ಉಣ್ಣೆಯ ಜೀನ್ ಓದಬೇಕು, ಇಲ್ಲಿಯ ಉಣ್ಣೆ ಬಿಟ್ಟು ಪರೀಕ್ಷಿಸಬೇಕು.

ಮೂರನೆಯದನ್ನು ಯಾರೂ ಎತ್ತುವುದಿಲ್ಲ. ಒಬ್ಬರಿಗೆ ಎರಡು ಹಸು, ಪಕ್ಕದವರಿಗೆ ಮೂರು, ಮೇಯುವುದು ಒಂದೇ ಗೋಮಾಳ, ಒಂದೇ ಕೆರೆ ಅಂಗಳ. ಒಬ್ಬರು ಲಸಿಕೆ ಹಾಕಿಸಿ ತಮ್ಮ ಪಾಲಿನ ಮರಿ ಕಡಿಮೆ ಮಾಡಿದರೆ ಪಕ್ಕದ ದನ ಉದುರಿಸಿದ ಮೊಟ್ಟೆ ಅದನ್ನು ತುಂಬುತ್ತದೆ. ಈ ಲಸಿಕೆ ಊರಿಗೆ ಊರೇ ಒಟ್ಟಿಗೆ ಹಾಕಿಸಿದರೆ ಮಾತ್ರ ದುಡಿಯುತ್ತದೆ. ಹಾಲಿನ ಸಂಘದ ಮಟ್ಟದಲ್ಲಿ, ಕಾಲುಬಾಯಿ ಲಸಿಕೆಯ ಸುತ್ತಿನ ಜೊತೆಗೇ ಹಾಕುವ ಹಾಗೆ ಯೋಜಿಸದಿದ್ದರೆ ಎಷ್ಟು ಒಳ್ಳೆಯ ಲಸಿಕೆ ಬಂದರೂ ಸೋಲುತ್ತದೆ. ಈ ವಿಷಯದಲ್ಲಿ ನನ್ನ ಮಾತು ಗಟ್ಟಿ.

ತೂಕದಕಲ್ಲು
ಮೂರನೆಯದಕ್ಕೆ ಪೂರ್ಣ ಸಹಮತ. ಕಟ್ಟಿ ಮೇಯಿಸುವ ಕೊಟ್ಟಿಗೆ ಮಾತ್ರ ಇದಕ್ಕೆ ಅಪವಾದ, ಅಲ್ಲಿ ಒಬ್ಬರೇ ಮಾಡಿದರೂ ಫಲ ಕಾಣಬಹುದು.

ಎರೆನೆಲ
ಥೈಲೇರಿಯಾಕ್ಕೆ ಲಸಿಕೆ ಇದೆಯಲ್ಲ, ರಕ್ಷಾವ್ಯಾಕ್-ಟಿ. ಉಣ್ಣೆ ಲಸಿಕೆ ಯಾಕೆ ಮತ್ತೆ?

ಗೋಡಾಕ್ಟರ್
ಅದು ಪರಾವಲಂಬಿಗೆ, ಉಣ್ಣೆಗಲ್ಲ. ದುರ್ಬಲಗೊಳಿಸಿದ ಜೀವಂತ ಥೈಲೇರಿಯಾ ಇರುವ ಜೀವಕೋಶಗಳು, ದ್ರವ ಸಾರಜನಕದ ಕ್ಯಾನಿನಲ್ಲೇ ಬರಬೇಕು, ಕರಗಿಸಿದ ತಕ್ಷಣ ಬಳಸಬೇಕು. ಎರಡು ತಿಂಗಳು ದಾಟಿದ ಮಿಶ್ರತಳಿ ಕರುಗಳಿಗೆ ಚರ್ಮದಡಿ 3 ಮಿ.ಲೀ. ಹಾಕಿಸಿ, ಒಳ್ಳೆಯದು. ಆದರೆ ಬೇಬಿಸಿಯಾ, ಅನಾಪ್ಲಾಸ್ಮಾ, ರಕ್ತ ಹೀರುವುದು, ಚರ್ಮ ಹಾಳಾಗುವುದು ಹಾಗೇ ಉಳಿಯುತ್ತವೆ.

ಬುರುಗು
ಹೊಸ ದಾರಿಗಳೂ ಇವೆ. ಸುಬೊಲೆಸಿನ್ ಎಂಬ ಪ್ರೋಟೀನ್ 2003ರ ಸುಮಾರಿಗೆ ಬೆಳಕಿಗೆ ಬಂತು. ಬೇರೆ ಬೇರೆ ಜಾತಿಯ ಉಣ್ಣೆಗಳಲ್ಲಿ ಹೆಚ್ಚುಕಡಿಮೆ ಒಂದೇ ಥರ ಇರುವುದು ಅದರ ಬಲ. ಆ ಜೀನನ್ನು ಅಡಗಿಸಿದರೆ ಉಣ್ಣೆ ಸರಿಯಾಗಿ ರಕ್ತ ಕುಡಿಯುವುದಿಲ್ಲ, ಮೊಟ್ಟೆಗೂ ಬರುವುದಿಲ್ಲ. ಉಗಾಂಡದಲ್ಲಿ ಅಲ್ಲಿಯ ಉಣ್ಣೆಗಳ ಸುಬೊಲೆಸಿನ್ ಇಟ್ಟುಕೊಂಡೇ ಲಸಿಕೆ ಕೆಲಸ ನಡೆದಿದೆ. ಉಣ್ಣೆ ರಕ್ತದ ಕಬ್ಬಿಣ ಸಾಗಿಸುವ ಫೆರಿಟಿನ್ 2, ನೀರು ಸಾಗಿಸುವ ಅಕ್ವಾಪೋರಿನ್ ಕೂಡ ಪಟ್ಟಿಯಲ್ಲಿವೆ.

ತೂಕದಕಲ್ಲು
ಸುಬೊಲೆಸಿನ್ ಬಗ್ಗೆ ಸ್ವಲ್ಪ ತಡೆಯಿರಿ. ಅದು ಜೀವಕೋಶದ ಒಳಗಿನ ಪ್ರೋಟೀನ್, ಪ್ರತಿಕಾಯ ಅಲ್ಲಿಗೆ ಹೇಗೆ ತಲುಪುತ್ತದೆ ಎಂಬುದೇ ದೊಡ್ಡ ಚರ್ಚೆ. ಅದಕ್ಕೆ ಹತ್ತಿರದ ಅಕಿರಿನ್ ಎಂಬ ಪ್ರೋಟೀನ್ ಹಸುವಿನಲ್ಲೂ ಇದೆ. ಪ್ರತಿಕಾಯ ತನ್ನದರ ಮೇಲೇ ತಿರುಗದಂತೆ ಹೋಲಿಕೆಯ ತುಂಡು ಬಿಟ್ಟು ವಿನ್ಯಾಸ ಮಾಡಬೇಕು. ಒಂದೇ ಸಿರಿಂಜಿನಲ್ಲಿ ಮೂರು ಪ್ರೋಟೀನ್ ಬೆರೆಸಿದರೆ ಫಲ ಮೂರು ಪಟ್ಟು ಆಗುತ್ತದೆ ಎಂಬ ಆಸೆಯೂ ತಪ್ಪು, ಕೆಲವೊಮ್ಮೆ ಒಂದು ಇನ್ನೊಂದರ ಪ್ರತಿಕಾಯವನ್ನು ತಗ್ಗಿಸುತ್ತದೆ.

ಹಳ್ಳಿಕಾರ್
ನಾಟಿ ದನಕ್ಕೆ ಇಷ್ಟೆಲ್ಲ ಬೇಕೇ ಇಲ್ಲ.

ಗೋಮಾಳ
ಕಡಿಮೆ ಬೇಕು, ಬೇಡವೇ ಬೇಡ ಅಲ್ಲ. ಡುಬ್ಬದ ದನದ ಚರ್ಮ, ನೆಕ್ಕುವ ಅಭ್ಯಾಸ, ರಕ್ತದ ಪ್ರತಿಕ್ರಿಯೆ ಎಲ್ಲ ಸೇರಿ ಹತ್ತಿದ ಮರಿಗಳಲ್ಲಿ ಬಹುಪಾಲು ಬೆಳೆಯುವುದಿಲ್ಲ. ಆಸ್ಟ್ರೇಲಿಯಾಕ್ಕೆ 1872ರಲ್ಲಿ ಈ ಉಣ್ಣೆ ಬಂದದ್ದು ಇಂಡೋನೇಷ್ಯಾದಿಂದ ಡಾರ್ವಿನ್‌ಗೆ ಇಳಿಸಿದ ದನದ ಜೊತೆ. ಕೊನೆಗೆ ಅದಕ್ಕೆ ಪರಿಹಾರವಾಗಿ ಅವರು ಹಿಡಿದದ್ದೂ ಡುಬ್ಬದ ದನದ ರಕ್ತವನ್ನೇ, ಬ್ರಾಹ್ಮನ್ ಮಿಶ್ರತಳಿ. ಲಸಿಕೆ ಮತ್ತು ತಳಿ ಜೊತೆಗೆ ಹೋದರೆ ಇನ್ನೂ ಒಳ್ಳೆಯದು.

ಗೋಡಾಕ್ಟರ್
ಇನ್ನೊಂದು ಎಚ್ಚರಿಕೆ. ಉಣ್ಣೆ ಸೊನ್ನೆ ಮಾಡುವುದು ಗುರಿ ಆಗಬಾರದು. ಕರುವಾಗಿದ್ದಾಗ ಒಂದೆರಡು ಉಣ್ಣೆ ಕಚ್ಚಿ ಬೇಬಿಸಿಯಾ ಸ್ವಲ್ಪ ತಾಗಿದರೆ ಕರು ಸಾಮಾನ್ಯವಾಗಿ ತಡೆದುಕೊಂಡು ಬಾಳಿಡೀ ರಕ್ಷಣೆ ಪಡೆಯುತ್ತದೆ. ಉಣ್ಣೆಯೇ ಕಾಣದೆ ಬೆಳೆದ ಹಸುವಿಗೆ ನಾಲ್ಕನೇ ವರ್ಷ ಮೊದಲ ಸಲ ತಾಗಿದರೆ ಕೆಂಪು ಮೂತ್ರ, 106 ಡಿಗ್ರಿ ಜ್ವರ, ಎರಡು ಮೂರು ದಿನದಲ್ಲಿ ಸಾವು. ಕಡಿಮೆ ಇರಲಿ, ಪೂರ್ತಿ ಇಲ್ಲದಂತಾಗುವುದು ಬೇಡ.

ಹಾಲುಗೊಲ್ಲ
ತುಂಬಾ ಉಪಕಾರ ಎಲ್ಲರಿಗೂ. ನಾಳೆ ಯಾರಾದರೂ ನಮ್ಮ ಸಂಘಕ್ಕೆ ಬಂದು ‘ಉಣ್ಣೆ ಲಸಿಕೆ ಪ್ರಯೋಗ ಮಾಡೋಣ’ ಅಂದರೆ ಏನು ಕೇಳಬೇಕು?

ತೂಕದಕಲ್ಲು
ಯಾವ ಜಾತಿಯ ಉಣ್ಣೆಗೆ ಅಂತ ಕೇಳಿ. ಇಲ್ಲಿಯ ಉಣ್ಣೆ ಬಿಟ್ಟು ಪರೀಕ್ಷಿಸಿದ್ದಾರಾ ಕೇಳಿ. ಹೋಲಿಕೆಯ ಗುಂಪಿಗೆ ಅಡ್ಜುವೆಂಟ್ ಮಾತ್ರ ಚುಚ್ಚಿದ್ದರಾ, ಅಥವಾ ಏನೂ ಚುಚ್ಚದೆ ಬಿಟ್ಟಿದ್ದರಾ ಕೇಳಿ, ಏಕೆಂದರೆ ಎಣ್ಣೆ ಅಡ್ಜುವೆಂಟ್ ಒಂದೇ ಕೆಲವು ದಿನ ರೋಗನಿರೋಧಕ ಶಕ್ತಿಯನ್ನು ಕೆರಳಿಸುತ್ತದೆ. ‘80 ಶೇಕಡ ಫಲ’ ಅಂದರೆ ಉದುರಿದ ಸಂಖ್ಯೆಯಲ್ಲೋ, ಮೊಟ್ಟೆಯಲ್ಲೋ, ಮೂರನ್ನೂ ಗುಣಿಸಿದ್ದೋ ಬಿಡಿಸಿ ಕೇಳಿ. ಪ್ರತಿಕಾಯ ಎಷ್ಟು ವಾರ ನಿಂತಿತು, ಚುಚ್ಚಿದ ಜಾಗದಲ್ಲಿ ಗಂಟು ಎಷ್ಟು ದಿನ ಇತ್ತು, ಹಾಲು ಎಷ್ಟು ಇಳಿಯಿತು, ಇದೂ ಬೇಕು.

ಪ್ರಯೋಗ ಶುರುವಾದ ಮೇಲೆ ನಿಮ್ಮದೇ ಲೆಕ್ಕ ಇಡಿ. ಹಸುವಿನ ಒಂದು ಮಗ್ಗುಲಲ್ಲಿ 4.5 ಮಿ.ಮೀ.ಗಿಂತ ದೊಡ್ಡ ಹೆಣ್ಣು ಉಣ್ಣೆಗಳನ್ನು ಮಾತ್ರ ಎಣಿಸಿ, ಎರಡರಿಂದ ಗುಣಿಸಿ ಬರೆದಿಡಿ. ಒಂದು ದಿನದೊಳಗೆ ಉದುರುವವು ಅವೇ.

ಹಾಲುಗೊಲ್ಲ
ಸಂಜೆ ಹಾಲು ಕರೆಯುವಾಗ ಎಣಿಸಿದರೆ ನಡೆಯುತ್ತಾ?

ಪಂಪುಕೈ
ಬೇಡ. ಹೊಟ್ಟೆ ತುಂಬಿದವು ಹೆಚ್ಚಾಗಿ ಉದುರುವುದು ಬೆಳಗಿನ ಹೊತ್ತು. ಬೆಳಗಿನ ಕರಾವಿಗೆ ಮೊದಲೇ ಎಣಿಸಿ, ದಿನಾ ಅದೇ ಹೊತ್ತು, ಅದೇ ಮಗ್ಗುಲು, ಎಣಿಸುವ ಕೈಯೂ ಅದೇ ಇರಲಿ.